ಸಿಜಿಪಿಎ 6.71 ಇದ್ದರೆ ಶೇಕಡಾ ಎಷ್ಟೆಂದು ಬರೆಯಬೇಕು? ಕೇಳಿದವರಿಗೊಂದು ಸೂತ್ರ, ಸೂತ್ರಕ್ಕೊಂದು ಉತ್ತರ

ಸದಾಶಿವಗಡದ ಬಿಇ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ನಿಯಮಾವಳಿಯಲ್ಲಿ, ಬಿಇ ಮುಗಿಸಿದವಳು. ಎಂಟೂ ಸೆಮಿಸ್ಟರ್ ಸೇರಿ ಅಂತಿಮ ಸಿಜಿಪಿಎ, ಅಂದರೆ ಹತ್ತರ ಮಾಪನದಲ್ಲಿ ಒಟ್ಟು ಗ್ರೇಡ್ ಸರಾಸರಿ, 6.71 ಬಂದಿದೆ. ಈಗ ಎರಡು ಅರ್ಜಿಗಳನ್ನು ತುಂಬಬೇಕಾಗಿದೆ. ಒಂದು ಬ್ಯಾಂಕಿನ ಅಧಿಕಾರಿ ಹುದ್ದೆಗೆ; ಅಲ್ಲಿ ಯಾವುದೇ ಪದವಿ ಇದ್ದರೆ ಸಾಕು. ಇನ್ನೊಂದು ಸಾರ್ವಜನಿಕ ವಲಯದ ಸಂಸ್ಥೆಯ ಇಂಜಿನಿಯರ್ ಟ್ರೇನಿ ಹುದ್ದೆಗೆ. ಅಲ್ಲಿ ಪದವಿಯಲ್ಲಿ ಕನಿಷ್ಠ ಶೇಕಡಾ 60 ಇರಬೇಕೆಂದು ಅಧಿಸೂಚನೆಯಲ್ಲಿದೆ. ಎರಡರಲ್ಲೂ ಸಿಜಿಪಿಎ ಬರೆಯಲು ಜಾಗವಿಲ್ಲ, ಶೇಕಡಾವಾರು ಅಂಕವನ್ನು ಎರಡು ದಶಮಾಂಶ ಸ್ಥಾನದವರೆಗೆ ತುಂಬಿ ಎಂದು ಮಾತ್ರ ಇದೆ.

ಅರ್ಜಿ ತುಂಬಿಕೊಡುವ ಅಂಗಡಿಯವರು ಹತ್ತರಿಂದ ಗುಣಿಸಿ 67.10 ಎನ್ನುತ್ತಾರೆ. ಪಕ್ಕದ ಮನೆಯ ಅಣ್ಣ 9.5ರಿಂದ ಗುಣಿಸಬೇಕು, 63.74 ಬರುತ್ತದೆ ಎನ್ನುತ್ತಾನೆ. ನನ್ನ ಸಹಪಾಠಿಯೊಬ್ಬಳು 0.75 ಕಳೆದು ಹತ್ತರಿಂದ ಗುಣಿಸು ಎಂದಳು. ಹಾಗೆ ಮಾಡಿದರೆ 59.60 ಆಗುತ್ತದೆ, ಅಂದರೆ ಎರಡನೆಯ ಅರ್ಜಿಯನ್ನು ಹಾಕುವಂತೆಯೇ ಇಲ್ಲ. ಇದೆಲ್ಲ ಬೇಡವೆಂದು ಎಂಟೂ ಅಂಕಪಟ್ಟಿಗಳ ಅಂಕಗಳನ್ನು ಕೂಡಿ ಭಾಗಿಸಿದರೆ ಶೇಕಡಾ 63ರ ಆಸುಪಾಸು ಬರುತ್ತಿದೆ. ಒಂದೇ ಪದವಿಗೆ ನಾಲ್ಕು ಶೇಕಡಾವಾರು ಹೇಗೆ ಸಾಧ್ಯ? ಇವುಗಳಲ್ಲಿ ಯಾವುದನ್ನು ಬರೆದರೆ ಮುಂದೆ ತೊಂದರೆಯಾಗುವುದಿಲ್ಲ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಭಟ್ಕಳ 2017

59.60. ನಮ್ಮ ಸ್ಕೀಮುಗಳ ನಿಯಮಾವಳಿಯಲ್ಲಿ ಇರುವುದು 0.75 ಕಳೆಯುವ ಸೂತ್ರವೊಂದೇ.

ಯಲ್ಲಾಪುರ ಘಟ್ಟ

ಇಷ್ಟು ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹತ್ತು ಅಂಕದ ಮಾಪನದಲ್ಲಿ 6.71 ಎಂದರೆ ನೂರರ ಮಾಪನದಲ್ಲಿ 67.10 ಎಂಬುದು ಐದನೆಯ ತರಗತಿಯ ಗಣಿತ. ನನ್ನ ಪರಿಚಯದ ಎಷ್ಟೋ ಜನರು ಹಾಗೆಯೇ ಬರೆದಿದ್ದಾರೆ, ಯಾರನ್ನೂ ಯಾರೂ ಕೇಳಿಲ್ಲ. 0.75 ಕಳೆಯುವುದಕ್ಕೆ ಆಧಾರವಾದರೂ ಏನು? ಕಷ್ಟಪಟ್ಟು ಗಳಿಸಿದ ಅಂಕದಲ್ಲಿ ಏಳೂವರೆ ಶೇಕಡಾವನ್ನು ಸುಮ್ಮನೆ ಬಿಟ್ಟುಕೊಡಬೇಕೇ?

ನಿವೃತ್ತ ಗಣಿತ ಮಾಸ್ತರ, ಕುಮಟಾ

ಯಲ್ಲಾಪುರದವರು ಐದನೆಯ ತರಗತಿಯ ಗಣಿತವೆಂದು ಹೇಳಿದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಒಬ್ಬ ವಿದ್ಯಾರ್ಥಿಗೆ ಒಂದು ವಿಷಯದಲ್ಲಿ 61 ಬಂದಿದೆ, ಇನ್ನೊಬ್ಬನಿಗೆ 69 ಬಂದಿದೆ ಎಂದು ಇಟ್ಟುಕೊಳ್ಳಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪದ್ಧತಿಯಲ್ಲಿ 60ರಿಂದ 69ರವರೆಗಿನ ಎಲ್ಲರಿಗೂ ಗ್ರೇಡ್ ಪಾಯಿಂಟ್ 7. ಹಾಗೆಯೇ 70ರಿಂದ 79ಕ್ಕೆ 8, 80ರಿಂದ 89ಕ್ಕೆ 9, 90 ಮತ್ತು ಅದಕ್ಕಿಂತ ಮೇಲ್ಪಟ್ಟವರಿಗೆ 10. ಈಗ ಆ 7ನ್ನು ಹತ್ತರಿಂದ ಗುಣಿಸಿ ನೋಡಿ. 70 ಬರುತ್ತದೆ. ಆದರೆ ಆ ಗುಂಪಿನಲ್ಲಿ ಇರುವ ಒಬ್ಬರಿಗೂ 70 ಬಂದಿಲ್ಲ. ಬಂದಿದ್ದರೆ ಅವರು ಮೇಲಿನ ಗುಂಪಿನಲ್ಲಿರುತ್ತಿದ್ದರು. ಅಂದರೆ ಹತ್ತರಿಂದ ಗುಣಿಸುವ ಕ್ರಮವು ಆ ಗುಂಪಿನ ಅತಿ ಜಾಣ ವಿದ್ಯಾರ್ಥಿಯೂ ಗಳಿಸದ ಅಂಕವನ್ನು ಎಲ್ಲರಿಗೂ ಹಂಚುತ್ತದೆ.

ಅಂಕಗಳು ಗುಂಪಿನೊಳಗೆ ಸಮನಾಗಿ ಹರಡಿವೆ ಎಂದುಕೊಂಡರೆ 7ಕ್ಕೆ ಸರಿಯಾದ ಸರಾಸರಿ 64.5. ವಿಶ್ವವಿದ್ಯಾಲಯದ ಸೂತ್ರ ಕೊಡುವುದು 62.5. ಆದ್ದರಿಂದ ಸೂತ್ರ ಸ್ವಲ್ಪ ಬಿಗಿಯಾಗಿದೆ ಎಂದು ಯಾರಾದರೂ ವಾದಿಸಿದರೆ ನಾನು ಅಲ್ಲಗಳೆಯುವುದಿಲ್ಲ. ಆದರೆ 62.5 ಆ ಗುಂಪಿನ ಒಳಗೇ ಇದೆ, 70 ಗುಂಪಿನ ಹೊರಗಿದೆ. ಏನನ್ನೂ ಕಳೆಯದೆ ಗುಣಿಸಬೇಕು ಎನ್ನುವವರು ಈ ಒಂದು ಪ್ರಶ್ನೆಗೆ ಮೊದಲು ಉತ್ತರ ಕೊಡಲಿ.

ಯಲ್ಲಾಪುರ ಘಟ್ಟ

ಮಾಸ್ತರರೇ, ತಮ್ಮ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದೇ ಲೆಕ್ಕವನ್ನು ತುದಿಗಳಲ್ಲಿಯೂ ಹಚ್ಚಿ ನೋಡಬೇಕು. ಎಲ್ಲ ವಿಷಯಗಳಲ್ಲಿಯೂ 98 ಗಳಿಸಿದ ವಿದ್ಯಾರ್ಥಿನಿಯ ಸಿಜಿಪಿಎ 10 ಆಗುತ್ತದೆ. ಸೂತ್ರದ ಪ್ರಕಾರ ಅವಳ ಶೇಕಡಾವಾರು 92.5. ಅಂದರೆ ಈ ವಿಶ್ವವಿದ್ಯಾಲಯದಲ್ಲಿ ಓದಿದ ಯಾರೂ 92.5ನ್ನು ದಾಟುವಂತೆಯೇ ಇಲ್ಲ. ಇನ್ನು ಕೆಳಗಿನ ತುದಿಗೆ ಬಂದರೆ, ಪಾಸಾದವರಿಗೆ ಸಿಗುವ ಅತಿ ಕಡಿಮೆ ಗ್ರೇಡ್ ಪಾಯಿಂಟ್ 4. ಅದಕ್ಕೆ ಸೂತ್ರ ಹಚ್ಚಿದರೆ 32.5. ಪಾಸಾಗಲು 40 ಅಂಕ ಬೇಕೆಂದು ಹೇಳುವ ವಿಶ್ವವಿದ್ಯಾಲಯವೇ ಪಾಸಾದವನಿಗೆ 32.5 ಕೊಡುವುದು ಯಾವ ನ್ಯಾಯ?

ನಿವೃತ್ತ ಗಣಿತ ಮಾಸ್ತರ, ಕುಮಟಾ

ಒಳ್ಳೆಯ ಆಕ್ಷೇಪಣೆ. ಅದಕ್ಕೆ ಎರಡು ಮಾತು ಹೇಳಬೇಕು. ಆ ಸೂತ್ರ ಇರುವುದು ಒಟ್ಟು ಸಿಜಿಪಿಎಗೆ, ಬಿಡಿ ವಿಷಯದ ಗ್ರೇಡಿಗೆ ಅಲ್ಲ. ಎಲ್ಲ ವಿಷಯಗಳಲ್ಲಿಯೂ ಬರೀ 4 ಪಡೆದವನಿಗೆ ಪದವಿಯೇ ಸಿಗುವುದಿಲ್ಲ, ಪದವಿಗೆ ಸಿಜಿಪಿಎ ಕನಿಷ್ಠ 5 ಇರಬೇಕು. ಮೇಲಿನ ತುದಿಯ ವಿಷಯದಲ್ಲಿ ತಾವು ಹೇಳಿದ್ದು ನಿಜ. 98 ಗಳಿಸಿದವಳಿಗೂ 91 ಗಳಿಸಿದವಳಿಗೂ ಒಂದೇ 10 ಕೊಟ್ಟಾಗಲೇ ಅವರಿಬ್ಬರ ನಡುವಿನ ಏಳು ಅಂಕ ಅಳಿಸಿಹೋಯಿತು. ಅಳಿಸಿಹೋದದ್ದನ್ನು ಯಾವ ಸೂತ್ರವೂ ಮರಳಿ ತರಲಾರದು.

ಇನ್ನು ಈ 0.75 ಒಂದು ವಿಶ್ವವಿದ್ಯಾಲಯದ ಸ್ವಂತ ಹಟವಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ, ತನ್ನ ಕೈಪಿಡಿಯಲ್ಲಿ 6.25ಕ್ಕೆ ಶೇಕಡಾ 55, 6.75ಕ್ಕೆ 60, 7.25ಕ್ಕೆ 65, 7.75ಕ್ಕೆ 70, 8.25ಕ್ಕೆ 75 ಎಂದು ಪಟ್ಟಿ ಕೊಟ್ಟಿದೆ. ಪ್ರತಿ ಸಾಲಿನಲ್ಲಿಯೂ 0.75 ಕಳೆದು ಹತ್ತರಿಂದ ಗುಣಿಸಿ ನೋಡಿ, ಅದೇ ಸಂಖ್ಯೆ ಬರುತ್ತದೆ.

ಶಿರಸಿ ಅರಣ್ಯ

ಎಲ್ಲರೂ ಹತ್ತರಿಂದ ಗುಣಿಸುವವರನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸುತ್ತಿರುವುದರಿಂದ ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ. ನಾನು ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿದವನು. ಅದು ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಮ್ಮಲ್ಲಿ ಅಂತಿಮ ಸರಾಸರಿಯನ್ನು ಓಜಿಪಿಎ ಎನ್ನುತ್ತಾರೆ ಮತ್ತು ಅದನ್ನು ಹತ್ತರಿಂದ ಗುಣಿಸುವುದೇ ಅಧಿಕೃತ ಕ್ರಮ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಡೀನ್‌ಗಳ ಸಮಿತಿ ಹಾಕಿಕೊಟ್ಟ ನಿಯಮವೂ ಅದೇ.

ನಮ್ಮಲ್ಲಿ ಗುಂಪು ಪದ್ಧತಿ ಇಲ್ಲ ಎಂಬುದೇ ಅದಕ್ಕೆ ಕಾರಣ. ಒಂದು ವಿಷಯದಲ್ಲಿ 80.76 ಬಂದರೆ ಗ್ರೇಡ್ ಪಾಯಿಂಟ್ 8.076 ಎಂದು ಮೂರು ದಶಮಾಂಶದವರೆಗೆ ಬರೆಯುತ್ತಾರೆ. ಅಂಕವನ್ನು ಹತ್ತರಿಂದ ಭಾಗಿಸಿಯೇ ಪಾಯಿಂಟ್ ಮಾಡಿರುವಾಗ ತಿರುಗಿ ಹತ್ತರಿಂದ ಗುಣಿಸಿದರೆ ಮೊದಲಿನ ಅಂಕವೇ ಸಿಗುತ್ತದೆ, ಒಂದು ಚೂರೂ ಕಳೆದುಹೋಗಿರುವುದಿಲ್ಲ. ಮಾಸ್ತರರು ವಿವರಿಸಿದ ಗುಂಪು ಪದ್ಧತಿಯಾದರೋ ನಮ್ಮ ಪೇಟೆಯ ಅಡಿಕೆ ವ್ಯಾಪಾರದಂತೆ; ಒಂದು ಲಾಟಿನ ಚಾಲಿಗೆಲ್ಲ ಒಂದೇ ದರ ಬೀಳುತ್ತದೆ, ಆ ದರವನ್ನು ನೋಡಿ ಲಾಟಿನೊಳಗಿನ ಒಂದೊಂದು ಅಡಿಕೆ ಎಂಥದ್ದಿತ್ತೆಂದು ಹೇಳಲು ಬರುವುದಿಲ್ಲ.

ಮತ್ತೊಂದು ಸಂಗತಿ. ನಮ್ಮಲ್ಲಿ ಪ್ರಥಮ ದರ್ಜೆ ಆರಂಭವಾಗುವುದು 7.000ಕ್ಕೆ, ಡಿಸ್ಟಿಂಕ್ಷನ್ 8.000ಕ್ಕೆ. ತಾಂತ್ರಿಕ ವಿಶ್ವವಿದ್ಯಾಲಯದವರಿಗೆ ಪ್ರಥಮ ದರ್ಜೆ 6.75ಕ್ಕೇ ಸಿಗುತ್ತದೆ. ಆದ್ದರಿಂದ ಅವರ ಪ್ರಥಮ ದರ್ಜೆ ಎಂದರೆ ಶೇಕಡಾ 60, ನಮ್ಮದು ಶೇಕಡಾ 70. ಇದನ್ನು ತಿಳಿಯದೆ ಎರಡೂ ಸಿಜಿಪಿಎಗಳನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸುವ ಸಂದರ್ಶಕರು ಇದ್ದಾರೆ.

ಸದಾಶಿವಗಡದ ಬಿಇ

ಹಾಗಾದರೆ 9.5 ಎಲ್ಲಿಂದ ಬಂತು? ಅಣ್ಣ ಬಹಳ ವಿಶ್ವಾಸದಿಂದ ಹೇಳಿದ್ದ.

ಕೈಗಾ ಟೌನ್‌ಶಿಪ್

ತಂಗಿ, ಆ ಅಣ್ಣ ಬಹುಶಃ ಸಿಬಿಎಸ್‌ಇ ಶಾಲೆಯಲ್ಲಿ ಓದಿದವನಿರಬೇಕು. ನಾವು ಇಲ್ಲಿ ಹತ್ತನೆಯ ತರಗತಿ ಮುಗಿಸಿದ ಕಾಲದಲ್ಲಿ ಅಂಕಗಳ ಬದಲು ಸಿಜಿಪಿಎ ಕೊಡುತ್ತಿದ್ದರು, ಅದನ್ನು 9.5ರಿಂದ ಗುಣಿಸಿದರೆ ಅಂದಾಜು ಶೇಕಡಾವಾರು ಬರುತ್ತದೆಂದು ಮಂಡಳಿಯೇ ತಿಳಿಸಿತ್ತು. 91ರಿಂದ 100ರ ಗುಂಪಿನವರಿಗೆ 10 ಪಾಯಿಂಟ್ ಸಿಗುತ್ತಿತ್ತು. ಆ ಗುಂಪಿನವರು ಹಿಂದಿನ ವರ್ಷಗಳಲ್ಲಿ ಗಳಿಸಿದ ಅಂಕಗಳ ಸರಾಸರಿ 95ರಷ್ಟಿತ್ತು. 95ನ್ನು 10ರಿಂದ ಭಾಗಿಸಿದರೆ 9.5. ಇಷ್ಟೇ ಅದರ ಇತಿಹಾಸ. 2018ರ ಪರೀಕ್ಷೆಯಿಂದ ಹತ್ತನೆಯ ತರಗತಿಗೆ ಬೋರ್ಡ್ ಪರೀಕ್ಷೆಯೂ ಅಂಕಗಳೂ ಮರಳಿ ಬಂದವು. ಸೂತ್ರ ಮಾತ್ರ ಜನರ ಬಾಯಲ್ಲಿ ಉಳಿದು ಬಿಇ, ಬಿಎಸ್ಸಿ ಎಲ್ಲದಕ್ಕೂ ಅಂಟಿಕೊಂಡಿದೆ. ಬೇರೆ ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ನಿಯಮದಲ್ಲಿ 9.5ನ್ನು ಬಳಸಿರಬಹುದು, ಆದರೆ ಬೆಳಗಾವಿಯ ಪದವಿಗೆ ಅದು ಸಂಬಂಧಪಡುವುದಿಲ್ಲ.

ವೆರ್ಣಾ ಜನರಲ್ ಶಿಫ್ಟ್

ನಾನು ಮಾಜಾಳಿಯವಳು, ಗೋವಾದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಾಖಲೆಗಳ ಪರಿಶೀಲನೆ ನನ್ನ ನಿತ್ಯದ ಕೆಲಸವಾದ್ದರಿಂದ ಯಲ್ಲಾಪುರದವರ ‘ಯಾರೂ ಕೇಳಿಲ್ಲ’ ಎಂಬ ಮಾತಿಗೆ ಉತ್ತರಿಸಬೇಕೆನಿಸಿತು.

ಅರ್ಜಿ ಹಾಕುವಾಗ ಯಾರೂ ಕೇಳುವುದಿಲ್ಲ ಎಂಬುದು ನಿಜ, ಏಕೆಂದರೆ ಗಣಕಯಂತ್ರ 67.10ನ್ನೂ ಸ್ವೀಕರಿಸುತ್ತದೆ, 97.10ನ್ನೂ ಸ್ವೀಕರಿಸುತ್ತದೆ. ಕೇಳುವುದು ಆಯ್ಕೆಯಾದ ಮೇಲೆ. ಈ ತಂಗಿಯ ಪ್ರಕರಣವನ್ನೇ ತೆಗೆದುಕೊಳ್ಳಿ. ಸಿಜಿಪಿಎ 6.71 ಎಂದರೆ 6.75ಕ್ಕಿಂತ ಕಡಿಮೆ, ಅಂದರೆ ಅವಳಿಗೆ ಸಿಕ್ಕಿರುವುದು ದ್ವಿತೀಯ ದರ್ಜೆ. ದರ್ಜೆಯಲ್ಲಿ ದ್ವಿತೀಯವಾಗಿದ್ದು ಅರ್ಜಿಯಲ್ಲಿ ಶೇಕಡಾ 67 ಎಂದಿದ್ದರೆ ಪರಿಶೀಲಿಸುವವರಿಗೆ ಸೂತ್ರವೇ ಗೊತ್ತಿರಬೇಕೆಂದಿಲ್ಲ, ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಾಕು. ಇದೇ ಸೂತ್ರದಲ್ಲಿ 67.10 ಬರಬೇಕಾದರೆ ಸಿಜಿಪಿಎ 7.46 ಇರಬೇಕಾಗುತ್ತದೆ. ಆಗ ಅದನ್ನು ಲೆಕ್ಕದ ತಪ್ಪು ಎಂದು ಯಾರೂ ನೋಡುವುದಿಲ್ಲ, ಸುಳ್ಳು ಮಾಹಿತಿ ಎಂದೇ ನೋಡುತ್ತಾರೆ. ನಮ್ಮಲ್ಲಿ ಆ ಕಾರಣಕ್ಕೆ ನೇಮಕಾತಿ ರದ್ದಾದದ್ದನ್ನು ನಾನೇ ಕಂಡಿದ್ದೇನೆ.

ಬ್ಯಾಂಕಿನ ಅರ್ಜಿಗಳಲ್ಲಂತೂ ಇದನ್ನು ಬರೆದೇ ಇರುತ್ತಾರೆ. ಸಿಜಿಪಿಎ ಕೊಡುವ ವಿಶ್ವವಿದ್ಯಾಲಯದವರು ಅದನ್ನು ಶೇಕಡಾವಾರಿಗೆ ಪರಿವರ್ತಿಸಿ ನಮೂದಿಸಬೇಕು, ಮತ್ತು ಸಂದರ್ಶನಕ್ಕೆ ಕರೆ ಬಂದರೆ ಆ ಪರಿವರ್ತನೆ ವಿಶ್ವವಿದ್ಯಾಲಯದ ನಿಯಮದಂತೆಯೇ ಆಗಿದೆ ಎಂಬುದಕ್ಕೆ ಸೂಕ್ತ ಅಧಿಕಾರಿಯ ಪ್ರಮಾಣಪತ್ರ ತರಬೇಕು. ಶೇಕಡಾವಾರಿನ ಭಿನ್ನಾಂಶವನ್ನು ಮೇಲಕ್ಕೆ ಏರಿಸುವಂತಿಲ್ಲ, 59.99 ಇದ್ದರೂ ಅದು 60ಕ್ಕಿಂತ ಕಡಿಮೆಯೇ ಎಂದು ಅಲ್ಲಿಯೇ ಉದಾಹರಣೆ ಕೊಟ್ಟಿರುತ್ತಾರೆ. ಆದ್ದರಿಂದ 59.60ನ್ನು 60 ಎಂದು ಮಾಡಿಕೊಳ್ಳುವ ಆಲೋಚನೆ ಯಾರಿಗಾದರೂ ಬಂದಿದ್ದರೆ ಬಿಟ್ಟುಬಿಡಿ.

ಯಲ್ಲಾಪುರ ಘಟ್ಟ

ಹಾಗಿದ್ದರೆ ಅವಳು ನಿಜವಾಗಿ ಗಳಿಸಿದ ಶೇಕಡಾ 63 ಎಲ್ಲಿಗೆ ಹೋಯಿತು? ಅಂಕಪಟ್ಟಿಯಲ್ಲಿ ಅಂಕಗಳನ್ನೂ ಮುದ್ರಿಸಿದ್ದಾರಲ್ಲ? ಯಾವ ಸೂತ್ರವೂ ಬೇಡ, ಒಟ್ಟು ಅಂಕಗಳನ್ನು ಕೂಡಿ ಬರೆಯಲಿ. ಪರೀಕ್ಷೆಯಲ್ಲಿ ಬರೆದು ಗಳಿಸಿದ ಅಂಕ ಸುಳ್ಳಾಗಿ, ಸೂತ್ರದ ಅಂಕ ನಿಜವಾಗುವುದನ್ನು ನಾನು ಒಪ್ಪುವುದಿಲ್ಲ.

ಕೋಡಿಬಾಗ ಎಂಎಸ್ಸಿ

ಈ ಮಾತಿನಲ್ಲಿ ನನಗೂ ಸಹಾನುಭೂತಿಯಿದೆ. ನಮ್ಮ ಹಿರಿಯರ ಕಾಲದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಒಟ್ಟು ಅಂಕ, ಗರಿಷ್ಠ ಅಂಕ, ದರ್ಜೆ ಇಷ್ಟೇ ಇರುತ್ತಿದ್ದವು, ಭಾಗಿಸಿದರೆ ಮುಗಿಯಿತು. ಈಗ ಅಂಕವೂ ಗ್ರೇಡೂ ಎರಡೂ ಇರುವುದರಿಂದ ತನಗೆ ಯಾವುದು ಹೆಚ್ಚು ಬರುತ್ತದೆಯೋ ಅದನ್ನು ಬರೆಯುವ ಆಸೆ ಸಹಜ.

ಆದರೆ ಅಂಕ ಕೂಡಿ ಭಾಗಿಸುವುದರಲ್ಲಿಯೂ ಒಂದು ತೊಡಕಿದೆ. ಕ್ರೆಡಿಟ್ ಎಂದರೆ ಲೆಕ್ಕದಲ್ಲಿ ಒಂದು ವಿಷಯಕ್ಕೆ ಇರುವ ತೂಕ. ನಾಲ್ಕು ಕ್ರೆಡಿಟ್‌ನ ಮುಖ್ಯ ವಿಷಯಕ್ಕೂ 100 ಅಂಕ, ಒಂದು ಕ್ರೆಡಿಟ್‌ನ ಸಣ್ಣ ವಿಷಯಕ್ಕೂ 100 ಅಂಕ ಇದ್ದಾಗ ಸುಮ್ಮನೆ ಕೂಡಿದರೆ ಎರಡಕ್ಕೂ ಸಮಾನ ತೂಕ ಸಿಗುತ್ತದೆ. ಸಣ್ಣ ವಿಷಯಗಳಲ್ಲಿಯೂ ಪ್ರಯೋಗಾಲಯದಲ್ಲಿಯೂ ಸಾಮಾನ್ಯವಾಗಿ ಎಲ್ಲರಿಗೂ ಅಂಕ ಹೆಚ್ಚು ಬರುವುದರಿಂದ ಹೀಗೆ ಕೂಡಿದ ಶೇಕಡಾವಾರು ಉಬ್ಬಿಕೊಳ್ಳುತ್ತದೆ. ತಂಗಿಯ 63ರಲ್ಲಿ ಅಂಥ ಉಬ್ಬು ಎಷ್ಟಿದೆ ಎಂದು ಅವಳೇ ಕ್ರೆಡಿಟ್‌ನಿಂದ ಗುಣಿಸಿ ನೋಡಬಹುದು.

ಸದಾಶಿವಗಡದ ಬಿಇ

ಕೋಡಿಬಾಗದವರು ಹೇಳಿದ ಕ್ರೆಡಿಟ್ ತೂಕದ ಲೆಕ್ಕವನ್ನು ಯಾರಾದರೂ ಉದಾಹರಣೆಯೊಂದಿಗೆ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಕಾಲೇಜಿನಲ್ಲಿ ನಮಗೆ ಗ್ರೇಡ್ ಕಾರ್ಡ್ ಕೊಟ್ಟರೇ ಹೊರತು ಅದರ ಒಳಗಿನ ಲೆಕ್ಕವನ್ನು ಯಾರೂ ಮಾಡಿ ತೋರಿಸಲಿಲ್ಲ.

ನಿವೃತ್ತ ಗಣಿತ ಮಾಸ್ತರ, ಕುಮಟಾ

ಬಿಡಿಸಿ ಹೇಳುತ್ತೇನೆ. ಒಂದು ಸೆಮಿಸ್ಟರಿನಲ್ಲಿ ಐದು ವಿಷಯಗಳಿವೆ ಎಂದು ಇಟ್ಟುಕೊಳ್ಳೋಣ. ಮೊದಲನೆಯದು 4 ಕ್ರೆಡಿಟ್, ಗ್ರೇಡ್ ಪಾಯಿಂಟ್ 8. ಎರಡನೆಯದು 4 ಕ್ರೆಡಿಟ್, ಪಾಯಿಂಟ್ 7. ಮೂರನೆಯದು 3 ಕ್ರೆಡಿಟ್, ಪಾಯಿಂಟ್ 6. ನಾಲ್ಕನೆಯದು 3 ಕ್ರೆಡಿಟ್, ಪಾಯಿಂಟ್ 9. ಐದನೆಯದು ಪ್ರಯೋಗಾಲಯ, 2 ಕ್ರೆಡಿಟ್, ಪಾಯಿಂಟ್ 10. ಪ್ರತಿ ವಿಷಯದ ಕ್ರೆಡಿಟನ್ನು ಪಾಯಿಂಟಿನಿಂದ ಗುಣಿಸಿದರೆ ಕ್ರಮವಾಗಿ 32, 28, 18, 27, 20 ಬರುತ್ತವೆ. ಮೊತ್ತ 125. ಕ್ರೆಡಿಟ್‌ಗಳ ಮೊತ್ತ 16. ಭಾಗಿಸಿದರೆ 7.81, ಇದೇ ಆ ಸೆಮಿಸ್ಟರಿನ ಎಸ್‌ಜಿಪಿಎ. ಕ್ರೆಡಿಟನ್ನು ಮರೆತು ಐದು ಪಾಯಿಂಟ್‌ಗಳ ಸರಾಸರಿ ತೆಗೆದವರಿಗೆ 8.00 ಬರುತ್ತದೆ. ಎರಡು ಕ್ರೆಡಿಟ್‌ನ ಪ್ರಯೋಗಾಲಯದ 10 ಅಲ್ಲಿ ನಾಲ್ಕು ಕ್ರೆಡಿಟ್‌ನ ವಿಷಯದ ಸಮಕ್ಕೆ ಕುಳಿತುಬಿಟ್ಟಿದೆ.

ಇದೇ ತಪ್ಪು ಸಿಜಿಪಿಎಯಲ್ಲಿ ಇನ್ನೂ ಹೆಚ್ಚಾಗಿ ನಡೆಯುತ್ತದೆ. ಎಲ್ಲ ಎಸ್‌ಜಿಪಿಎಗಳನ್ನು ಕೂಡಿ ಎಂಟರಿಂದ ಭಾಗಿಸುವುದು ಸರಿಯಾದ ಕ್ರಮವಲ್ಲ. ಮೂರೇ ಸೆಮಿಸ್ಟರ್ ತೆಗೆದುಕೊಳ್ಳಿ. ಮೊದಲನೆಯದು 20 ಕ್ರೆಡಿಟ್, 7.20, ಎರಡನೆಯದು 20 ಕ್ರೆಡಿಟ್, 6.80, ಮೂರನೆಯದು 15 ಕ್ರೆಡಿಟ್, 9.00. ಗುಣಿಸಿದಾಗ 144, 136, 135, ಮೊತ್ತ 415. ಅದನ್ನು 55ರಿಂದ ಭಾಗಿಸಿದರೆ 7.55. ನೇರ ಸರಾಸರಿ ತೆಗೆದಿದ್ದರೆ 7.67 ಬರುತ್ತಿತ್ತು. ಪ್ರಾಜೆಕ್ಟ್ ಇರುವ ಸೆಮಿಸ್ಟರಿನಲ್ಲಿ ಅಂಕ ಧಾರಾಳವಾಗಿ ಬರುವುದರಿಂದ ಮಕ್ಕಳು ತಮ್ಮ ಸಿಜಿಪಿಎ ಕಡಿಮೆ ಕೊಟ್ಟಿದ್ದಾರೆಂದು ದೂರು ಹೇಳುವುದು ಬಹುಮಟ್ಟಿಗೆ ಇಂಥ ಲೆಕ್ಕದಿಂದಲೇ. ನಿಮ್ಮ 2018ರ ಸ್ಕೀಮಿನಲ್ಲಿ ಒಟ್ಟು 175 ಕ್ರೆಡಿಟ್; ಎಲ್ಲ ವಿಷಯಗಳ ಗುಣಲಬ್ಧ ಕೂಡಿ 175ರಿಂದ ಭಾಗಿಸಿದರೆ ನಿಮ್ಮ 6.71 ಬಂದೇ ಬರಬೇಕು.

ಅಂಕೋಲೆಯ ತಂದೆ

ಮಾಸ್ತರರೇ, ನನ್ನ ಮಗ ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲಿ ಅನುತ್ತೀರ್ಣನಾಗಿದ್ದಾನೆ. ಆ ವಿಷಯವನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಾರೋ ಅಥವಾ ಸೊನ್ನೆ ಎಂದು ಸೇರಿಸುತ್ತಾರೋ?

ನಿವೃತ್ತ ಗಣಿತ ಮಾಸ್ತರ, ಕುಮಟಾ

ಎಸ್‌ಜಿಪಿಎ ತೆಗೆಯುವಾಗ ಸೊನ್ನೆ ಎಂದು ಸೇರಿಸುತ್ತಾರೆ, ಆದರೆ ಆ ವಿಷಯದ ಕ್ರೆಡಿಟ್ ಭಾಜಕದಲ್ಲಿ ಉಳಿಯುತ್ತದೆ. ನನ್ನ ಮೇಲಿನ ಉದಾಹರಣೆಯಲ್ಲಿ ಮೊದಲ ವಿಷಯದಲ್ಲಿ ಅನುತ್ತೀರ್ಣನಾಗಿದ್ದರೆ 125ರ ಬದಲು 93 ಇರುತ್ತಿತ್ತು, 16 ಹಾಗೆಯೇ ಇರುತ್ತಿತ್ತು, ಫಲ 5.81. ಅದಕ್ಕಾಗಿಯೇ ಒಂದು ವಿಷಯ ಕೈಕೊಟ್ಟರೆ ಎಸ್‌ಜಿಪಿಎ ಅಷ್ಟು ಕೆಳಗೆ ಬೀಳುತ್ತದೆ. ಮುಂದೆ ಪಾಸು ಮಾಡಿಕೊಂಡಾಗ ಹೊಸ ಗ್ರೇಡ್ ಆ ಸ್ಥಾನಕ್ಕೆ ಬರುತ್ತದೆ, ಆದ್ದರಿಂದ ಈಗ ಕಾಣುವ ಸಂಖ್ಯೆಯನ್ನು ಕಂಡು ಮಗನನ್ನು ಬೈಯಬೇಡಿ. ನಾಲ್ಕು ಕ್ರೆಡಿಟ್‌ನ ಗಣಿತವನ್ನು ಮುಂದಕ್ಕೆ ತಳ್ಳದೆ ಮುಂದಿನ ಅವಕಾಶದಲ್ಲಿಯೇ ಮುಗಿಸಿಕೊಳ್ಳಲು ಹೇಳಿ.

ಹೊನ್ನಾವರ ಎಡದಂಡೆ

ನನ್ನದು ಬೇರೆ ರೀತಿಯ ಪರಿವರ್ತನೆ. ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಬೇಕೆಂದಿದ್ದೇನೆ, ನನ್ನ ಸಿಜಿಪಿಎ 7.80. ಮೊದಲು ಶೇಕಡಾ 70.50 ಎಂದು ಮಾಡಿಕೊಂಡು, ಆಮೇಲೆ ಅವರ ಮಾಪನಕ್ಕೆ ಬದಲಿಸಬೇಕೇ? ಅಮೆರಿಕದ ನಾಲ್ಕರ ಮಾಪನಕ್ಕಾದರೆ ಹತ್ತರಿಂದ ಭಾಗಿಸಿ ನಾಲ್ಕರಿಂದ ಗುಣಿಸಿ 3.12 ಎಂದು ಬರೆಯಬಹುದೇ?

ಶಿರಸಿ ಅರಣ್ಯ

ಎರಡು ಬಾರಿ ಪರಿವರ್ತಿಸಬೇಡಿ, ನಷ್ಟವಾಗುತ್ತದೆ. ನಾನು ಅರ್ಜಿ ಹಾಕುವಾಗ ಮಾಡಿದ ಲೆಕ್ಕವನ್ನು ಕೊಡುತ್ತೇನೆ. ಜರ್ಮನಿಯವರು ಬಳಸುವ ಪರಿಷ್ಕೃತ ಬವೇರಿಯನ್ ಸೂತ್ರದಲ್ಲಿ ಗರಿಷ್ಠ ಗ್ರೇಡಿನಿಂದ ನಿಮ್ಮ ಗ್ರೇಡನ್ನು ಕಳೆದು, ಅದನ್ನು ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣ ಗ್ರೇಡುಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ ಒಂದು ಕೂಡಿಸುತ್ತಾರೆ. ಅಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸು. ನಿಮ್ಮ 7.80ಕ್ಕೆ ಗರಿಷ್ಠ 10, ಕನಿಷ್ಠ 4 ಎಂದು ಹಿಡಿದರೆ 2.1 ಬರುತ್ತದೆ. ಶೇಕಡಾ 70.50ಕ್ಕೆ ಇಳಿಸಿಕೊಂಡು ಗರಿಷ್ಠ 100, ಕನಿಷ್ಠ 40 ಎಂದು ಹಿಡಿದರೆ ಅದೇ ನೀವು ಸುಮಾರು 2.5ಕ್ಕೆ ಜಾರುತ್ತೀರಿ. ನಿಮ್ಮ ಓದು ಬದಲಾಗಲಿಲ್ಲ, ದಾರಿ ಬದಲಾಯಿತು ಅಷ್ಟೇ.

ಅಮೆರಿಕದ ವಿಷಯದಲ್ಲಿ, ಬಹಳಷ್ಟು ವಿಶ್ವವಿದ್ಯಾಲಯಗಳು ನಿಮ್ಮ ಸಂಸ್ಥೆ ಕೊಟ್ಟ ಮಾಪನದಲ್ಲಿಯೇ ಬರೆಯಿರಿ, ಪರಿವರ್ತಿಸಬೇಡಿ ಎಂದು ಸ್ಪಷ್ಟವಾಗಿ ಕೇಳುತ್ತವೆ. ಅಲ್ಲಿ 7.80/10 ಎಂದು ಬರೆದರೆ ಸಾಕು. ನಾಲ್ಕರಿಂದ ಗುಣಿಸುವ ಕಸರತ್ತು ಬೇಡ.

ನಿವೃತ್ತ ಗಣಿತ ಮಾಸ್ತರ, ಕುಮಟಾ

ಆ ಬವೇರಿಯನ್ ಸೂತ್ರದಲ್ಲಿ ಕನಿಷ್ಠ ಗ್ರೇಡ್ ಯಾವುದೆಂಬುದೇ ಮುಖ್ಯವಲ್ಲವೇ? ಬಿಡಿ ವಿಷಯ ಪಾಸಾಗಲು 4 ಸಾಕು, ಆದರೆ ಪದವಿಗೆ ಸಿಜಿಪಿಎ 5 ಬೇಕು. 5 ಎಂದು ಹಿಡಿದರೆ 2.32 ಆಗುತ್ತದೆ.

ಶಿರಸಿ ಅರಣ್ಯ

ಹೌದು, ಅಲ್ಲಿ ವಾದಕ್ಕೆ ಜಾಗವಿದೆ. ಅದನ್ನು ನಾವು ನಿರ್ಧರಿಸುವ ಬದಲು ಕಾಲೇಜಿನಿಂದ ಗರಿಷ್ಠ ಮತ್ತು ಕನಿಷ್ಠ ಗ್ರೇಡುಗಳನ್ನು ತಿಳಿಸುವ ಪತ್ರ ಪಡೆದು ಅರ್ಜಿಯೊಂದಿಗೆ ಲಗತ್ತಿಸುವುದು ಲೇಸು.

ಕೋಡಿಬಾಗ ಎಂಎಸ್ಸಿ

ವಿದೇಶದ ಮಾತು ಬಂದದ್ದರಿಂದ ಇಲ್ಲಿಯದನ್ನೂ ಸೇರಿಸುತ್ತೇನೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನೆಟ್ ಎಂಬ ಅಧ್ಯಾಪಕ ಅರ್ಹತಾ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 55, ಮೀಸಲು ವರ್ಗಗಳಿಗೆ 50 ಬೇಕು. ಅದನ್ನೂ ಮೇಲಕ್ಕೆ ಏರಿಸದೆ ಲೆಕ್ಕ ಹಾಕಬೇಕು. ಹತ್ತು ಪಾಯಿಂಟ್‌ಗಳ ಮಾಪನವನ್ನು ಶಿಫಾರಸು ಮಾಡಿದ್ದು ಇದೇ ಯುಜಿಸಿ. ಓ ಎಂದರೆ 10, ಎ ಪ್ಲಸ್ ಎಂದರೆ 9, ಹೀಗೆ ಪಿ ಎಂದರೆ 4ರವರೆಗೆ ಅಕ್ಷರಗಳನ್ನು ಕೊಟ್ಟಿತು. ಆದರೆ ಯಾವ ಅಂಕಕ್ಕೆ ಯಾವ ಅಕ್ಷರ ಎಂಬುದನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ಇಂದಿನ ಗೊಂದಲದ ಬೇರು ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಒಂದು ಜಿಲ್ಲೆಯಲ್ಲಿಯೇ ಕಾರವಾರದ ಇಂಜಿನಿಯರಿಂಗ್ ವಿದ್ಯಾರ್ಥಿ ಬೆಳಗಾವಿಯ ನಿಯಮಕ್ಕೆ, ಕುಮಟೆಯ ಬಿಎಸ್ಸಿ ವಿದ್ಯಾರ್ಥಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಿಯಮಕ್ಕೆ, ಶಿರಸಿಯ ಅರಣ್ಯ ವಿದ್ಯಾರ್ಥಿ ಅದೇ ಧಾರವಾಡದ ಇನ್ನೊಂದು ವಿಶ್ವವಿದ್ಯಾಲಯದ ನಿಯಮಕ್ಕೆ ಒಳಪಟ್ಟಿದ್ದಾರೆ. ಮೂವರೂ ಒಂದೇ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಒಂದೇ ಪರೀಕ್ಷೆ ಬರೆಯುತ್ತಾರೆ, ಅರ್ಜಿಯಲ್ಲಿ ಮಾತ್ರ ಮೂರು ಬಗೆಯ ಲೆಕ್ಕ.

ಪದವಿ ಕಾಲೇಜುಗಳಲ್ಲಿ ಇನ್ನೊಂದು ಗೋಜಲಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ರಾಜ್ಯ ಸರ್ಕಾರ ಮರಳಿ ಮೂರು ವರ್ಷದ ಪದವಿಗೆ ಬಂತು. ಅಣ್ಣನ ಅಂಕಪಟ್ಟಿ ನೋಡಿಕೊಂಡು ತಮ್ಮನ ಅರ್ಜಿ ತುಂಬುವ ಕಾಲ ಇದಲ್ಲ. ಅವರವರ ಪ್ರವೇಶದ ವರ್ಷದ ನಿಯಮಾವಳಿಯನ್ನೇ ತೆಗೆದು ನೋಡಬೇಕು.

ಅಂಕೋಲೆಯ ತಂದೆ

ನನ್ನ ಮಗ 2018ರ ಸ್ಕೀಮಿನವನಲ್ಲ. ಹಾಗಾದರೆ 0.75 ಕಳೆಯುವ ಸೂತ್ರ ಅವನಿಗೂ ಅನ್ವಯಿಸುತ್ತದೆಂದು ನಾನು ಭಾವಿಸಬಾರದು, ಅಲ್ಲವೇ?

ಭಟ್ಕಳ 2017

ಭಾವಿಸಬಾರದು. ಅವನ ಸ್ಕೀಮಿನ ನಿಯಮಾವಳಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿದೆ, ಅದರಲ್ಲಿ ಶೇಕಡಾವಾರು ಪರಿವರ್ತನೆಯ ಕಲಮನ್ನು ಓದಿ. ಇಲ್ಲಿ ಚರ್ಚಿಸಿದ ಸೂತ್ರವನ್ನು 2015, 2017, 2018ರ ಸ್ಕೀಮಿನವರು ಬಳಸಿದ್ದೇವೆ.

ಯಲ್ಲಾಪುರ ಘಟ್ಟ

ನನ್ನ ಅಸಮಾಧಾನ ಹೋಗಿಲ್ಲ. ಸೂತ್ರ ಬಿಗಿಯಾಗಿದೆ ಎಂದು ಮಾಸ್ತರರೇ ಒಪ್ಪಿದ್ದಾರೆ. ಶೇಕಡಾ 60ರ ಗಡಿಯಲ್ಲಿ ನಿಂತ ಮಕ್ಕಳು 0.04 ಪಾಯಿಂಟ್‌ನಿಂದ ಅವಕಾಶ ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅರ್ಜಿಯಲ್ಲಿ ಸಿಜಿಪಿಎಯನ್ನೇ ಕೇಳಿ, ಪ್ರತಿ ವಿಶ್ವವಿದ್ಯಾಲಯದ ನಿಯಮವನ್ನು ಗಣಕಯಂತ್ರವೇ ಹಚ್ಚುವಂತೆ ಮಾಡಲು ಏನು ತೊಂದರೆ?

ವೆರ್ಣಾ ಜನರಲ್ ಶಿಫ್ಟ್

ಆ ಬೇಡಿಕೆ ನ್ಯಾಯವಾದದ್ದು, ನಾನೂ ಸಹಿ ಹಾಕುತ್ತೇನೆ. ಆದರೆ ಅದನ್ನು ಕೇಳಬೇಕಾದದ್ದು ನೇಮಕಾತಿ ಮಾಡುವವರನ್ನು. ಅಲ್ಲಿಯವರೆಗೆ ತಂಗಿಯ ಕೈಯಲ್ಲಿ 67.10 ಬರೆಸಿ ಪರೀಕ್ಷೆ ಮಾಡುವುದು ಬೇಡ. ಇನ್ನು ಗಡಿ ಎಲ್ಲಿದ್ದರೂ ಅದರ ಕೆಳಗೆ ಯಾರೋ ಒಬ್ಬರು ಕೂದಲೆಳೆಯಷ್ಟರಲ್ಲಿ ನಿಂತೇ ಇರುತ್ತಾರೆ.

ಸದಾಶಿವಗಡದ ಬಿಇ

ಎಲ್ಲರಿಗೂ ಧನ್ಯವಾದಗಳು. ಮಾಸ್ತರರು ಹೇಳಿದಂತೆ ಎಲ್ಲ ವಿಷಯಗಳನ್ನೂ ಕ್ರೆಡಿಟ್‌ನಿಂದ ಗುಣಿಸಿ 175ರಿಂದ ಭಾಗಿಸಿದೆ, 6.71 ಸರಿಯಾಗಿ ಬಂತು. ಬ್ಯಾಂಕಿನ ಅರ್ಜಿಯಲ್ಲಿ 59.60 ಎಂದು ತುಂಬಿದ್ದೇನೆ. ಅಲ್ಲಿ ಕನಿಷ್ಠ ಅಂಕದ ಷರತ್ತಿಲ್ಲದ್ದರಿಂದ ಅಡ್ಡಿಯಿಲ್ಲ. ಟ್ರೇನಿ ಹುದ್ದೆಯ ಅರ್ಜಿಯನ್ನು ಹಾಕುವುದಿಲ್ಲ. ಪರಿವರ್ತನೆಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಬೇಕೇ ಅಥವಾ ಸಂದರ್ಶನದ ಕರೆ ಬಂದ ಮೇಲೆ ನೋಡಬಹುದೇ?

ವೆರ್ಣಾ ಜನರಲ್ ಶಿಫ್ಟ್

ಈಗಲೇ ಕಾಲೇಜಿನ ಕಚೇರಿಯಲ್ಲಿ ಅರ್ಜಿ ಕೊಟ್ಟುಬಿಡು. ಸಂದರ್ಶನದ ಪತ್ರಕ್ಕೂ ದಿನಾಂಕಕ್ಕೂ ನಡುವೆ ಹೆಚ್ಚು ಸಮಯ ಇರುವುದಿಲ್ಲ, ಅಷ್ಟರಲ್ಲಿ ಬೆಳಗಾವಿಗೆ ಓಡಾಡುವ ಪ್ರಸಂಗ ಬಂದರೆ ಕಷ್ಟ. ಪ್ರಾಂಶುಪಾಲರ ಸಹಿ ಮತ್ತು ಮೊಹರು ಇರಲಿ, ಜೊತೆಗೆ ನಿಯಮಾವಳಿಯ ಆ ಪುಟದ ಪ್ರತಿಯನ್ನು ದೃಢೀಕರಿಸಿ ಕೊಡಲು ಕೇಳು. ಪತ್ರದಲ್ಲಿ ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿ ಸಂಖ್ಯೆ), ಸ್ಕೀಮಿನ ವರ್ಷ, ಸಿಜಿಪಿಎ, ಸೂತ್ರ, ಫಲಿತಾಂಶ ಎಲ್ಲವೂ ಒಂದೇ ಪುಟದಲ್ಲಿ ಇರಬೇಕು. ಅರ್ಜಿಯಲ್ಲಿ ತುಂಬಿದ ಸಂಖ್ಯೆಗೂ ಪತ್ರದ ಸಂಖ್ಯೆಗೂ ಎರಡನೆಯ ದಶಮಾಂಶದಲ್ಲಿಯೂ ವ್ಯತ್ಯಾಸವಿರಬಾರದು. ಅರ್ಜಿಯ ಮುದ್ರಿತ ಪ್ರತಿಯನ್ನು ಅದರ ಜೊತೆಗೇ ಇಟ್ಟುಕೋ.

ಹೊನ್ನಾವರ ಎಡದಂಡೆ

ನಾನೂ ನಾಳೆ ಕಾಲೇಜಿಗೆ ಹೋಗುವವನಿದ್ದೇನೆ. ಗರಿಷ್ಠ ಮತ್ತು ಕನಿಷ್ಠ ಗ್ರೇಡಿನ ಪತ್ರಕ್ಕೆ ಇಂಗ್ಲಿಷಿನಲ್ಲಿಯೇ ಮನವಿ ಕೊಡಬೇಕೇ?

ಶಿರಸಿ ಅರಣ್ಯ

ಮನವಿ ಕನ್ನಡದಲ್ಲಿದ್ದರೂ ನಡೆಯುತ್ತದೆ. ಪತ್ರ ಮಾತ್ರ ಇಂಗ್ಲಿಷಿನಲ್ಲಿರಲಿ, ಕಾಲೇಜಿನ ಲೆಟರ್‌ಹೆಡ್‌ನಲ್ಲಿರಲಿ.